ಹದಿನೇಳನೇ ತಳಿ

ಮಾರ್ಚ್ ೩, ಮಂಗಳವಾರ

ಅಕ್ಕನ ವರದಿ ಬಂತು. ಕ್ಯಾನ್ಸರೇ. ಎಡ ಸ್ತನ, ಕಂಕುಳಿಗೂ ಸ್ವಲ್ಪ ಹರಡಿದೆ.

ಬರೆದರೆ ಎದೆಯ ಭಾರ ಇಳಿದೀತು ಎಂದು ಪೆನ್ನು ಹಿಡಿದೆ. ಇಳಿಯಲಿಲ್ಲ. ಡಾಕ್ಟರು ಒಂದೊಂದೇ ಮಾತು ಬಿಡಿಸಿ ಹೇಳುವಾಗ ಭಾವ ಮೇಜಿನ ಮೇಲಿದ್ದ ಸ್ಟೇಪ್ಲರ್ ಎತ್ತಿಕೊಂಡು ಅದರ ಸ್ಪ್ರಿಂಗ್ ಸರಿಮಾಡುತ್ತಾ ಕೂತಿದ್ದರು. ಲಿಫ್ಟ್ ರಿಪೇರಿ ಮಾಡುವ ಮನುಷ್ಯ, ಗಾಬರಿಯಾದರೆ ಕೈಗೊಂದು ಕೆಲಸ ಬೇಕು. ಅಕ್ಕ ಮಾತ್ರ ನೆಟ್ಟಗೆ ಕೂತು, "ಎಷ್ಟು ದಿನ ಅಂಗಡಿ ಮುಚ್ಬೇಕಾಗತ್ತೆ ಡಾಕ್ಟ್ರೇ? ಸ್ಕೂಲ್ ಯೂನಿಫಾರಂ ಒಪ್ಕೊಂಡ್ಬಿಟ್ಟಿದೀನಿ" ಎಂದು ಕೇಳಿದಳು. ಡಾಕ್ಟರಿಗೆ ನಗಬೇಕೋ ಬೇಡವೋ ತಿಳಿಯಲಿಲ್ಲ.

ಮೂರು ವಾರಕ್ಕೊಮ್ಮೆ ನರಕ್ಕೆ ಔಷಧಿ, ಒಟ್ಟು ಆರು ಸಲ. ಗಂಟು ಕುಗ್ಗಿದ ಮೇಲೆ ಆಪರೇಷನ್. ಹೊರಗೆ ಬಂದು ಅಕ್ಕ ನನ್ನ ಕೈ ಹಿಡಿದು, "ನೀನಿದೀಯಲ್ಲ ಪುಟ್ಟಿ. ನಮ್ಮನೇಲೇ ಒಬ್ಳು ವಿಜ್ಞಾನಿ ಇರೋವಾಗ ನಂಗೇನು ಭಯ" ಎಂದಳು. ನಾನು ಕರುಳಿನ ಬ್ಯಾಕ್ಟೀರಿಯಾ ಬೆಳೆಸುವವಳು ಮಾರಾಯ್ತಿ, ಕ್ಯಾನ್ಸರ್ ಡಾಕ್ಟರಲ್ಲ ಎಂದು ಎಷ್ಟು ಸಲ ಹೇಳಿದರೂ ಅವಳ ತಲೆಗೆ ಹೋಗುವುದಿಲ್ಲ. ಅಮ್ಮ ಹೋದಾಗ ನನಗೆ ಒಂಬತ್ತು. ಆಮೇಲೆ ನನ್ನನ್ನು ಸಾಕಿ ಓದಿಸಿದ್ದು ಅವಳೂ ಅವಳ ಹೊಲಿಗೆ ಮೆಷಿನ್ನೂ. ಅವಳಿಗೇನಾದರೂ ಆದರೆ ನನಗೆ ಈ ಲೋಕದಲ್ಲಿ ಬೇರೆ ಯಾರೂ ಇಲ್ಲ.

ಮಾರ್ಚ್ ೯, ಸೋಮವಾರ

ಅಕ್ಕನ ಫೋನಿಗೆ ಯಾರೋ ಪುಣ್ಯಾತ್ಗಿತ್ತಿ ವಿಡಿಯೋ ಕಳಿಸಿದ್ದಾಳೆ. ಯಾವುದೋ ಹಣ್ಣಿನ ಬೀಜ ಅರೆದು ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಕುಡಿದರೆ ಗಂಟು ನೀರಾಗುತ್ತದಂತೆ. ನನಗೆ ಮೈಯೆಲ್ಲ ಉರಿದುಹೋಯಿತು. "ಇಂಥೋರನ್ನ ಜೈಲಿಗೆ ಹಾಕ್ಬೇಕು. ಜೀವ ಹೋಗೋ ಹೊತ್ತಲ್ಲಿ ಇರೋರ ಹತ್ರ ಆಟ ಆಡ್ತಾರೆ. ಡಾಕ್ಟರು ಕೊಟ್ಟಿದ್ದು ಬಿಟ್ಟು ಬೇರೆ ಏನಾದ್ರೂ ಬಾಯಿಗೆ ಹಾಕಿದ್ರೆ ನೋಡು ಮತ್ತೆ" ಎಂದೆ.

"ಅದ್ಯಾಕೆ ಹಾಗೆ ಮೇಲೆ ಬೀಳ್ತೀಯೇ? ನೀನೂ ಅದೇ ತಾನೇ ಮಾಡ್ತಿರೋದು, ಹೊಟ್ಟೆ ಹುಳದಲ್ಲಿ ಔಷಧಿ ಹುಡುಕೋದು?"

ಹುಳ ಅಲ್ಲ ಎಂದೆ. ನಕ್ಕಳು. ನಮ್ಮ ಲ್ಯಾಬಿನ ಪೆಟ್ಟಿಗೆಯ ಬಗ್ಗೆ ಮತ್ತೊಮ್ಮೆ ಹೇಳಿದೆ. ಮುಂದೆ ಗಾಜು, ಒಳಗೆ ಆಮ್ಲಜನಕವೇ ಇಲ್ಲದ ಗಾಳಿ, ಎರಡು ದಪ್ಪ ರಬ್ಬರ್ ತೋಳು. ಹೊರಗೆ ಕೂತು ಆ ತೋಳುಗಳೊಳಗೆ ಕೈ ತೂರಿಸಿ ಕೆಲಸ ಮಾಡಬೇಕು. ಕರುಳಿನ ಆಳದಲ್ಲಿ ಬದುಕುವ ಬ್ಯಾಕ್ಟೀರಿಯಾಕ್ಕೆ ನಾವು ಉಸಿರಾಡುವ ಗಾಳಿಯೇ ವಿಷ, ಸೋಕಿದರೆ ಸತ್ತುಹೋಗುತ್ತವೆ. ನಾವು ಸದ್ಯ ನೋಡುತ್ತಿರುವುದು ಹದಿನೇಳನೇ ತಳಿ. ತರಕಾರಿಯ ನಾರು ಕೊಟ್ಟರೆ ಅದನ್ನು ತಿಂದು ಒಂದು ರಸ ಬಿಡುತ್ತದೆ. ಗಾಜಿನ ತಟ್ಟೆಯಲ್ಲಿ ಆ ರಸ ಹಾಕಿದರೆ ಸ್ತನದ ಕ್ಯಾನ್ಸರ್ ಕೋಶಗಳು ಬೆಳೆಯುವುದನ್ನು ನಿಲ್ಲಿಸುತ್ತವೆ. ಗಾಜಿನ ತಟ್ಟೆಯಲ್ಲಿ, ಅಷ್ಟೇ. ತಟ್ಟೆಗೆ ಹೊಟ್ಟೆ ಇಲ್ಲ, ರಕ್ತ ಇಲ್ಲ, ಅಕ್ಕ ಇಲ್ಲ.

"ಅದಕ್ಕೇ ನಿನ್ನ ಮೈಯೆಲ್ಲ ಹಳಸಿದ ಬೆಣ್ಣೆ ವಾಸನೆ" ಎಂದಳು. ಆ ವಾಸನೆ ರಸದ್ದೇ. ಬಸ್ಸಿನಲ್ಲಿ ನನ್ನ ಪಕ್ಕದ ಸೀಟು ಖಾಲಿ ಇರುವುದಕ್ಕೆ ಕಾರಣ ಇದೇ ಇರಬೇಕು.

ಮಾರ್ಚ್ ೧೭, ಮಂಗಳವಾರ

ಮೊದಲ ಔಷಧಿ ಆಯಿತು. ಕೆಂಪು ಬಣ್ಣದ್ದು. ಅಕ್ಕ ಕಣ್ಣು ಮುಚ್ಚಿಕೊಂಡಳು. ಮನೆಗೆ ಬಂದ ಮೇಲೆ ಹೊಟ್ಟೆಯಲ್ಲಿರುವುದೆಲ್ಲ ಕಕ್ಕಿದಳು. ಭಾವ ಬಕೆಟ್ ಹಿಡಿದು ನಿಂತಿದ್ದರು, ಮುಖ ಒಂದಿಷ್ಟೂ ಸಿಂಡರಿಸಲಿಲ್ಲ. ಒಳ್ಳೆಯ ಮನುಷ್ಯ.

ಮಾರ್ಚ್ ೨೭, ಶುಕ್ರವಾರ

ಇಲಿಗಳ ಫಲಿತಾಂಶ ಬಂತು.

ಬರೀ ಔಷಧಿ ಪಡೆದ ಇಲಿಗಳಿಗಿಂತ, ಔಷಧಿಯ ಜೊತೆಗೆ ಹದಿನೇಳನ್ನೂ ಪಡೆದ ಇಲಿಗಳ ಗಂಟು ಅರ್ಧದಷ್ಟಿದೆ. ಇನ್ನೊಂದು ಗುಂಪಿಗೆ ಕುಡಿಯುವ ನೀರಲ್ಲಿ ಆಂಟಿಬಯಾಟಿಕ್ ಹಾಕಿ ಕರುಳಿನ ಬ್ಯಾಕ್ಟೀರಿಯಾ ಪೂರ್ತಿ ಕೊಂದಿದ್ದೆವು. ಅವುಗಳ ಗಂಟು ಊದಿಕೊಂಡು, ನಡೆಯುವಾಗ ನೆಲಕ್ಕೆ ಉಜ್ಜುತ್ತಿತ್ತು. ಆ ಇಲಿಗಳು ಕಣ್ಣಿಂದ ಹೋಗುತ್ತಿಲ್ಲ.

ನಮ್ಮ ಲ್ಯಾಬಿನ ಮುಖ್ಯಸ್ಥೆ ಮೇಡಂ ಎಲ್ಲರನ್ನೂ ಕೂರಿಸಿಕೊಂಡು, "ಇದು ಇಲಿ. ಅದೂ ಬೆರಳೆಣಿಕೆಯಷ್ಟು. ಯಾರೂ ಕುಣಿಯೋದು ಬೇಡ" ಎಂದರು. ಆಮೇಲೆ ನನ್ನ ಕಡೆ ತಿರುಗಿ, ಎಲ್ಲರ ಎದುರಿಗೇ, ಮೆಲ್ಲಗೆ, "ನಿಮ್ಮ ಮನೇಲಿ ಏನ್ ನಡೀತಿದೆ ಅಂತ ನಂಗೊತ್ತು. ಅದಕ್ಕೇ ಹೇಳ್ತಿದೀನಿ" ಎಂದರು. ನನಗೆ ಹೇಳಿಕೊಡಬೇಕಾ? ಇಲಿಗೆ ಆದದ್ದೆಲ್ಲ ಮನುಷ್ಯರಿಗೆ ಆಗುವುದಿಲ್ಲ ಎಂದು ಹೊಸಬರಿಗೆ ಪಾಠ ಮಾಡುವವಳೇ ನಾನು.

ಏಪ್ರಿಲ್ ೨, ಗುರುವಾರ

ಸುಮ್ಮನೆ ಕುತೂಹಲಕ್ಕೆ ಅಕ್ಕನಿಂದ ಒಂದು ಡಬ್ಬಿ ಮಲದ ಮಾದರಿ ತರಿಸಿಕೊಂಡೆ. "ಹನ್ನೆರಡು ವರ್ಷ ಸೂಜಿ ಚುಚ್ಚಿಸ್ಕೊಂಡು ನಿನ್ನ ಓದ್ಸಿದ್ದು ಕೊನೆಗೆ ಇದನ್ನ ಕೇಳೋಕಾ?" ಎಂದು ಬಿದ್ದು ಬಿದ್ದು ನಕ್ಕಳು. ತಲೆಯಲ್ಲಿ ಕೂದಲಿಲ್ಲ, ನಗು ಹಾಗೇ ಇದೆ. ಭಾವ ಆ ಡಬ್ಬಿಯನ್ನು ಮೂರು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, "ತಗೊಳ್ಳಿ ವಿಜ್ಞಾನಿಗಳೇ, ಜೋಪಾನ" ಎಂದು ಎರಡೂ ಕೈಯಲ್ಲಿ ಹಿಡಿದು ಕೊಟ್ಟರು.

ಪರೀಕ್ಷೆ ಮಾಡಿದೆ. ಅಕ್ಕನ ಕರುಳಲ್ಲಿ ಹದಿನೇಳು ಇಲ್ಲ. ಒಂದು ಚೂರೂ ಇಲ್ಲ.

ಏಪ್ರಿಲ್ ೫, ಭಾನುವಾರ

ರಸ ಮಾತ್ರ. ಸೋಸಿದ್ದು, ಅದರಲ್ಲಿ ಜೀವ ಇರುವುದೇ ಇಲ್ಲ. ಎಲ್ಲರ ಕರುಳಲ್ಲೂ ಇಂಥ ರಸಗಳು ಇದ್ದೇ ಇರುತ್ತವೆ, ಅಕ್ಕನಿಗೆ ಕಡಿಮೆ ಇರುವುದನ್ನು ತುಂಬಿಕೊಡುತ್ತಿದ್ದೇನೆ. ವಿಟಮಿನ್ ಮಾತ್ರೆಯ ಹಾಗೆ. ಇದಕ್ಕೆ ಯಾರ ಅಪ್ಪಣೆ ಬೇಕು?

ಅಕ್ಕ ಮೂಗು ಮುಚ್ಚಿಕೊಂಡು ಕುಡಿದಳು. "ಡಾಕ್ಟ್ರಿಗೆ ಹೇಳ್ಬೇಕಾ?" ಎಂದು ಕೇಳಿದಳು. ಈಗಲೇ ಬೇಡ, ಅವರಿಗೆ ನೂರೆಂಟು ತಲೆಬಿಸಿ ಎಂದೆ.

ಏಪ್ರಿಲ್ ೭, ಮಂಗಳವಾರ

ಎರಡನೆಯ ಔಷಧಿ. ಈ ಸಲ ಬಿಳಿ ರಕ್ತಕಣ ತುಂಬಾ ಇಳಿಯಬಹುದು, ಸೋಂಕು ಬರದ ಹಾಗೆ ಇರಲಿ ಎಂದು ಡಾಕ್ಟರು ಒಂದು ವಾರಕ್ಕೆ ಆಂಟಿಬಯಾಟಿಕ್ ಮಾತ್ರೆ ಬರೆದರು. ಚೀಟಿಯಲ್ಲಿ ಆ ಹೆಸರು ಎರಡು ಸಲ ಓದಿದೆ. ನೆಲಕ್ಕೆ ಗಂಟು ಉಜ್ಜಿಕೊಂಡು ಓಡಾಡುತ್ತಿದ್ದ ಇಲಿಗಳು ಕುಡಿದದ್ದು ಇದೇ ಜಾತಿಯದು.

ಡಾಕ್ಟರ ಹತ್ತಿರ ಕೇಳಿಯೇಬಿಟ್ಟೆ. ಇದರಿಂದ ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾವೂ ಸಾಯುತ್ತವಲ್ಲ, ಆಮೇಲೆ ಔಷಧಿಯ ಪರಿಣಾಮ ಕಡಿಮೆಯಾಗುವುದಿಲ್ಲವೇ ಎಂದೆ. ಅವರು ಕನ್ನಡಕ ತೆಗೆದು ನನ್ನನ್ನೇ ನೋಡಿದರು. "ಅಮ್ಮ, ನಿಮ್ಮ ಇಲಿಗೆ ಜ್ವರ ಬಂದ್ರೆ ಇನ್ನೊಂದು ಇಲಿ ತರ್ತೀರ. ನನಗೆ ಇವರು ಒಬ್ರೇ ಇರೋದು" ಎಂದರು. ಬಾಯಿಮಾತಿಗೆ ಚೆನ್ನಾಗಿದೆ. ಹೊಸ ಸಂಶೋಧನೆ ಓದಲು ಇವರಿಗೆಲ್ಲ ಪುರುಸೊತ್ತೆಲ್ಲಿ?

ಮಾತ್ರೆಯ ಸ್ಟ್ರಿಪ್ಪು ಒಡೆಯದೆ ಹಾಗೇ ಅಕ್ಕನ ಹೊಲಿಗೆ ಮೆಷಿನ್ನಿನ ಡ್ರಾಯರಿನಲ್ಲಿ ಗುಂಡಿಗಳ ಜೊತೆ ಇದೆ. ಜ್ವರ ಬಂದರೆ ತೆಗೆದರಾಯಿತು.

ಏಪ್ರಿಲ್ ೧೨, ಭಾನುವಾರ

ರಸದಿಂದ ಪ್ರಯೋಜನವಿಲ್ಲ. ಕುಡಿದದ್ದು ಸಣ್ಣ ಕರುಳಲ್ಲೇ ಇಂಗಿಹೋಗುತ್ತದೆ, ಕೆಳಗಿನವರೆಗೆ ತಲುಪುವುದಿಲ್ಲ. ಇದನ್ನು ಮೊದಲೇ ಯೋಚಿಸಬೇಕಿತ್ತು. ರಸ ಅಲ್ಲಿಯೇ ತಯಾರಾಗಬೇಕು. ಅಂದರೆ ಬದುಕಿರುವ ಹದಿನೇಳೇ ಹೋಗಿ ಅಲ್ಲಿ ಕೂರಬೇಕು.

ಶನಿವಾರ ಲ್ಯಾಬಿನಲ್ಲಿ ಯಾರೂ ಇರುವುದಿಲ್ಲ. ನಿನ್ನೆ ರಬ್ಬರ್ ತೋಳಿನೊಳಗೆ ಕೈ ತೂರಿಸಿ ಒಂದೊಂದೇ ಕ್ಯಾಪ್ಸೂಲ್ ತುಂಬಿದೆ. ಆ ದಪ್ಪ ಕೈಗವಸಲ್ಲಿ ಅಕ್ಕಿಕಾಳಿನಷ್ಟು ಸಣ್ಣದನ್ನು ಹಿಡಿಯುವುದೆಂದರೆ ಸುಮ್ಮನಲ್ಲ. ಎರಡು ಪದರ ಲೇಪ ಕೊಟ್ಟೆ, ಹೊಟ್ಟೆಯ ಆಮ್ಲದಲ್ಲಿ ಕರಗಬಾರದು. ಹೊರಗೆ ತರುವಾಗ ಮಗುವಿನ ತಲೆ ಮುಚ್ಚಿದ ಹಾಗೆ ಮುಚ್ಚಿಕೊಂಡು ಬಂದೆ.

ಅಕ್ಕ ಅಂಗೈಯಲ್ಲಿಟ್ಟುಕೊಂಡು, "ಇದು ಬದುಕಿದೆಯಾ?" ಎಂದಳು. ಹೌದು ಎಂದೆ. "ಪಾಪ" ಎಂದು ನುಂಗಿದಳು.

ಏಪ್ರಿಲ್ ೧೮, ಶನಿವಾರ

ಅಕ್ಕನ ಮಾದರಿಯಲ್ಲಿ ಹದಿನೇಳು ಸಿಕ್ಕಿತು! ನೆಲೆ ಊರಿವೆ! ತಟ್ಟೆಯ ಮೇಲೆ ಸಾಬೂದಾನಿಯಂಥ ಸಣ್ಣ ಸಣ್ಣ ಬಿಳಿ ಚುಕ್ಕೆಗಳು. ಕೂತಲ್ಲೇ ಕಣ್ಣು ತುಂಬಿ ಬಂತು. ಪಕ್ಕದಲ್ಲಿ ಯಾರಾದರೂ ಇದ್ದಿದ್ದರೆ ತಬ್ಬಿಕೊಂಡುಬಿಡುತ್ತಿದ್ದೆ.

ಮೇಡಂ ಸೋಮವಾರ ಸ್ಟಾಕ್ ನೋಡುತ್ತಾರಂತೆ. ಒಂದು ಗಾಳಿ ಹೋಗದ ಜಾಡಿ, ಆಮ್ಲಜನಕ ಹೀರುವ ಪೊಟ್ಟಣ ಕೆಲವು ನನ್ನ ಮನೆಗೆ ತಂದಿದ್ದೇನೆ. ಹದಿನೇಳನ್ನು ಅದರೊಳಗೆ ಹಾಕಿ ಅಡುಗೆಮನೆಯ ಕಪಾಟಿನ ಮೇಲಿನ ಅರೆಯಲ್ಲಿ ಬೆಚ್ಚಗೆ ಇಟ್ಟಿದ್ದೇನೆ. ಇನ್ನು ಲ್ಯಾಬಿನ ಪೆಟ್ಟಿಗೆಯ ಹಂಗಿಲ್ಲ.

ಏಪ್ರಿಲ್ ೨೭, ಸೋಮವಾರ

ಡಾಕ್ಟರು ಕೈಯಿಟ್ಟು ನೋಡಿ, ಗಂಟು ಚೆನ್ನಾಗಿ ಕುಗ್ಗಿದೆ ಎಂದರು! "ಔಷಧಿ ಕೆಲಸ ಮಾಡ್ತಿದೆ" ಎಂದರು. ಅಕ್ಕ ನನ್ನ ಕಡೆ ನೋಡಿದಳು. ನಾನು ಅಕ್ಕನ ಕಡೆ ನೋಡಿದೆ. ನಗು ತಡೆಯಲು ಇಬ್ಬರೂ ತುಟಿ ಕಚ್ಚಿಕೊಂಡೆವು. ಭಾವ ಮಾತ್ರ ಏನೂ ಗೊತ್ತಿಲ್ಲದೆ ಡಾಕ್ಟರಿಗೆ ಕೈ ಮುಗಿದರು.

ಮನೆಗೆ ಹೋಗುವಾಗ ಅಕ್ಕ ಆಟೋದಲ್ಲಿ ನನ್ನ ಕಿವಿಯ ಹತ್ತಿರ, "ನಿನ್ ಹುಡುಗ್ರು ಗಟ್ಟಿಗರು ಕಣೇ" ಎಂದಳು. ಅವಳು ಇವರನ್ನು ಹುಡುಗರು ಎಂದೇ ಕರೆಯುವುದು.

ಏಪ್ರಿಲ್ ೨೮, ಮಂಗಳವಾರ

ಮೂರನೆಯ ಔಷಧಿ. ನರ್ಸಮ್ಮ ಕೆಂಪು ಅಕ್ಷರದ ಕಾರ್ಡು ಅಕ್ಕನ ಕೈಗೆ ಕೊಟ್ಟು ಮತ್ತೆ ಹೇಳಿದರು: "ನೂರು ದಾಟಿ ಜ್ವರ ಬಂದ್ರೆ ಬೆಳಗಾಗ್ಲಿ, ಸಂಜೆಯಾಗ್ಲಿ ಅಂತ ಕಾಯ್ಬೇಡಿ. ನೇರವಾಗಿ ಬಂದ್ಬಿಡಿ. ಸ್ನಾನಕ್ಕೂ ನಿಲ್ಬೇಡಿ."

ಆಟೋ ಹತ್ತುವಾಗ ನಾನು ಅಕ್ಕನಿಗೆ ಹೇಳಿದೆ, ಜ್ವರ ಬಂದರೆ ಮೊದಲು ನನಗೆ ಫೋನ್ ಮಾಡು. ನೀನು ಹೋದ ತಕ್ಷಣ ಇವರು ಯಾವುದಾದರೂ ದೊಡ್ಡ ಆಂಟಿಬಯಾಟಿಕ್ ಚುಚ್ಚಿಬಿಡುತ್ತಾರೆ. ಹುಡುಗರಿಗೆ ತಾಗುವ ಜಾತಿಯದಾದರೆ ಒಂದೇ ಬಾಟಲಿಗೆ ಎಲ್ಲರೂ ಹೋಗುತ್ತಾರೆ. ಇಷ್ಟು ಕಷ್ಟಪಟ್ಟು ನೆಲೆಗೊಳಿಸಿದ್ದು ಮಣ್ಣುಪಾಲು. ಅವರಿಗೆ ಏನು ಗೊತ್ತು ಒಳಗೆ ಯಾರಿದ್ದಾರೆಂದು?

ಮೇ ೪, ಸೋಮವಾರ

ಅಕ್ಕನ ಬಾಯೊಳಗೆಲ್ಲ ಹುಣ್ಣು. ನೀರು ನುಂಗಲೂ ಸಂಕಟ. ಔಷಧಿಯ ಪರಿಣಾಮ, ಬಾಯಿಂದ ಕರುಳಿನ ತನಕ ಒಳಪದರ ಸುಲಿದುಹೋಗುತ್ತದೆ, ಎಲ್ಲರಿಗೂ ಆಗುತ್ತದೆ. ಕೆಳಹೊಟ್ಟೆಯಲ್ಲಿ ತಿರುಚಿದ ಹಾಗೆ ನೋವು ಎನ್ನುತ್ತಾಳೆ. ಹೊಸಬರು ಬಂದು ಕೂತಾಗ ಹಳಬರ ಜೊತೆ ಸ್ವಲ್ಪ ಕಿತ್ತಾಟ ಇದ್ದದ್ದೇ ಎಂದೆ.

"ಯಾಕೋ ಇವತ್ತು ಬೇಡ ಅನ್ನಿಸ್ತಿದೆ ಪುಟ್ಟಿ. ನುಂಗಕ್ಕಾಗ್ತಿಲ್ಲ" ಎಂದಳು. ಕ್ಯಾಪ್ಸೂಲನ್ನು ಬಾಳೆಹಣ್ಣಿನ ಚೂರಿನಲ್ಲಿ ಮುಚ್ಚಿ ನಾನೇ ತಿನ್ನಿಸಿದೆ. ಚಿಕ್ಕವಳಿದ್ದಾಗ ನನಗೆ ಮಾತ್ರೆ ನುಂಗಿಸಲು ಅವಳು ಮಾಡುತ್ತಿದ್ದ ಉಪಾಯ ಅದು. ಒಂದು ದಿನ ತಪ್ಪಿದರೂ ಅವರ ಸಂಖ್ಯೆ ಕುಸಿಯುತ್ತದೆ.

ಮೇ ೭, ಗುರುವಾರ

ಮಧ್ಯಾಹ್ನ ಊಟದ ಹೊತ್ತಿಗೆ ಅಕ್ಕನ ಫೋನು. ನೂರೊಂದು ಜ್ವರ, ಮೈ ನಡುಕ.

"ನಿಮ್ಮ ಭಾವ ಕೆಲಸಕ್ಕೆ ಹೋಗಿದಾರೆ. ಆಸ್ಪತ್ರೆಗೆ ಹೋಗ್ಲೇನೇ? ಕಾರ್ಡಲ್ಲಿ ಹಾಗೆ ಬರ್ದಿದೆ."

ಸ್ವಲ್ಪ ತಡಿ ಎಂದೆ. ಪ್ಯಾರಾಸಿಟಮಾಲ್ ತಗೋ, ಚೆನ್ನಾಗಿ ನೀರು ಕುಡಿ, ಹೊದ್ದು ಮಲಗು, ಬೆಳಿಗ್ಗೆ ತನಕ ನೋಡೋಣ ಎಂದೆ. ಜ್ವರವೆಲ್ಲ ಸೋಂಕೇ ಆಗಬೇಕಿಲ್ಲ. ಗಂಟು ಕರಗುವಾಗಲೂ ಜ್ವರ ಬರುತ್ತದೆ, ಎಲ್ಲೋ ಓದಿದ ನೆನಪು.

"ನೀನು ಹೇಳಿದ್ರೆ ಸರಿ" ಎಂದಳು. ಭಾವನಿಗೆ ಹೇಳಬೇಡ, ಸುಮ್ಮನೆ ಗಾಬರಿ ಮಾಡಿಕೊಳ್ಳುತ್ತಾರೆ ಎಂದೂ ಹೇಳಿದೆ.

ಮೇ ೮, ಶುಕ್ರವಾರ

ಬೆಳಿಗ್ಗೆ ತೊಂಬತ್ತೊಂಬತ್ತಕ್ಕೆ ಇಳಿದಿದೆ. ನಾನು ಹೇಳಿದ್ದೇ ಸರಿ ಆಯಿತು. ಅವಸರಪಟ್ಟು ಹೋಗಿದ್ದರೆ ಎಲ್ಲ ಹಾಳಾಗುತ್ತಿತ್ತು.

ಮೇ ೯, ಶನಿವಾರ

ಅಕ್ಕ ಐಸಿಯುವಿನಲ್ಲಿದ್ದಾಳೆ.

ಅಂಗಡಿಯಲ್ಲಿ ಮೆಷಿನ್ನಿನ ಪಕ್ಕ ನೆಲದ ಮೇಲೆ ಬಿದ್ದಿದ್ದಳಂತೆ. ಭಾವ ಎತ್ತಿಕೊಂಡೇ ಓಡಿದ್ದಾರೆ. ರಕ್ತದೊತ್ತಡ ಪಾತಾಳಕ್ಕೆ ಇಳಿದಿದೆ. ಬಿಳಿ ಕಣ ಇಲ್ಲವೇ ಇಲ್ಲ. ಡಾಕ್ಟರು ಬಾಗಿಲಲ್ಲಿ ನಿಂತು, "ಜ್ವರ ಗುರುವಾರವೇ ಬಂದಿತ್ತು ಅಂತ ಅವರೇ ಅಂದ್ರು. ಕಾಯಿರಿ ಅಂದಿದ್ದು ಯಾರು?" ಎಂದು ಕೇಳಿದರು. ಭಾವ, "ನನಗೆ ಗೊತ್ತೇ ಇರ್ಲಿಲ್ಲ ಸಾರ್" ಎಂದರು. ನನ್ನ ಕಡೆ ತಿರುಗಿ, "ನಿನಗೇನಾದ್ರೂ ಹೇಳಿದ್ಲಾಮ್ಮ?" ಎಂದರು.

ಇಲ್ಲ ಎಂದೆ.

ಮೇ ೧೦, ಭಾನುವಾರ

ಜ್ವರ ಬಗ್ಗುತ್ತಿಲ್ಲ. ನಿನ್ನೆಯಿಂದ ದೊಡ್ಡ ಆಂಟಿಬಯಾಟಿಕ್ ಹೋಗುತ್ತಿದೆ. ಗಾಜಿನ ಆಚೆ ಅಕ್ಕನ ಎದೆ ಬೇಗ ಬೇಗ ಏರಿಳಿಯುತ್ತಿದೆ, ಓಡಿ ಬಂದವಳ ಹಾಗೆ. ಬೆರಳ ತುದಿ ನೀಲಿಗಟ್ಟಿದೆ.

ಕಿರಿಯ ಡಾಕ್ಟರು ಹೇಳಿದರು, ರಕ್ತದ ಮಾದರಿಯಲ್ಲಿ ಗಾಳಿಯಿಲ್ಲದ ಬಾಟಲಿಯಲ್ಲಿ ಮಾತ್ರ ಏನೋ ಬೆಳೆಯುತ್ತಿದೆಯಂತೆ, ಬಲು ನಿಧಾನ. ಅವರ ಲ್ಯಾಬಿಗೆ ಗುರುತು ಸಿಗುತ್ತಿಲ್ಲ. ಒಂದು ನಾಲ್ಕೈದು ದಿನ ಬೇಕು ಎಂದರು.

ಅವರಿಗೆ ಗುರುತು ಸಿಗದಿದ್ದರೆ ನನಗೆ ಸಿಗುವುದಿಲ್ಲವೇ? ಕರುಳಿನ ಒಳಪದರ ಸುಲಿದು ದಾರಿಯಾಗಿತ್ತು, ಕಾಯಲು ಒಂದು ಬಿಳಿ ಕಣವೂ ಇರಲಿಲ್ಲ, ನನ್ನ ಹುಡುಗರೇ ರಕ್ತಕ್ಕೆ ಇಳಿದಿದ್ದಾರೆ. ಈಗ ಕೊಡುತ್ತಿರುವ ಔಷಧಿಗೆ ಹದಿನೇಳು ಜಗ್ಗುವುದಿಲ್ಲ. ಆ ಪರೀಕ್ಷೆ ಮಾಡಿದವಳೇ ನಾನು. ಎಷ್ಟು ಗಟ್ಟಿ ತಳಿ ಎಂದು ಹೆಮ್ಮೆಪಟ್ಟಿದ್ದೆ. ಅದನ್ನು ಕೊಲ್ಲುವುದು ಬೇರೊಂದು ಹಳೆಯ ಔಷಧಿ, ಯಾವ ಅಂಗಡಿಯಲ್ಲಾದರೂ ಸಿಗುತ್ತದೆ.

ಕಿರಿಯ ಡಾಕ್ಟರಿಗೆ ಆ ಔಷಧಿಯ ಹೆಸರು ಹೇಳಿ, ಅದನ್ನೂ ಸೇರಿಸಬಹುದಲ್ಲ ಎಂದೆ. "ಯಾಕೆ?" ಎಂದರು. ಸುಮ್ಮನೆ ನನ್ನ ಊಹೆ ಎಂದೆ. "ಕಿಡ್ನಿ, ಲಿವರ್ ಎರಡೂ ಸೋತಿವೆ ಮೇಡಂ. ಊಹೆ ಮೇಲೆ ಇನ್ನೊಂದು ಔಷಧಿ ಸುರಿಯಕ್ಕಾಗಲ್ಲ. ಏನಾದ್ರೂ ಕಾರಣ ಇದ್ರೆ ಹೇಳಿ, ದೊಡ್ಡ ಡಾಕ್ಟರಿಗೆ ಈಗ್ಲೇ ಫೋನ್ ಮಾಡ್ತೀನಿ" ಎಂದು ಕಾದು ನಿಂತರು.

ಏನಿಲ್ಲ ಬಿಡಿ ಎಂದು ತಿರುಗಿ ಬಂದೆ. ಹೇಳಿದರೆ ನನ್ನ ಕೆಲಸ ಹೋಗುತ್ತದೆ. ಹೋಗಲಿ, ಅದಲ್ಲ. ಹದಿನೇಳರ ಮೇಲೆ ಮುಂದೆ ಯಾರೂ ಕೈ ಹಾಕುವುದಿಲ್ಲ, ರೋಗಿಯನ್ನು ಸಾಯಿಸಿದ ತಳಿ ಎನ್ನುತ್ತಾರೆ. ಇನ್ನೂ ಎಷ್ಟು ಜನ ಹೆಂಗಸರಿಗೆ ಆಗಬೇಕಾದದ್ದು. ಈ ಡಾಕ್ಟರುಗಳು ತಾವೇ ಕಂಡುಹಿಡಿಯಬಹುದು. ಅಕ್ಕ ತಾನಾಗಿಯೇ ಚೇತರಿಸಿಕೊಳ್ಳಬಹುದು. ನಾಳೆ ನೋಡೋಣ.

ಮೇ ೧೧, ಸೋಮವಾರ

ಹೇಳಿದೆ.

ಬೆಳಿಗ್ಗೆ ಡಾಕ್ಟರು ಭಾವನನ್ನು ಕರೆದು, ಉಸಿರಾಟದ ಯಂತ್ರ ಹಾಕಬೇಕು, ಒಂದು ಸಲ ಒಳಗೆ ಹೋಗಿ ಮಾತಾಡಿಸಿ ಬನ್ನಿ ಎಂದರು. ಆ ಮಾತಿನ ಅರ್ಥ ಎಲ್ಲರಿಗೂ ಗೊತ್ತು. ಇಬ್ಬರೂ ಹೋದೆವು. ಅಕ್ಕ ಅರೆಗಣ್ಣು ತೆರೆದಳು. ಡಾಕ್ಟರು ಬಗ್ಗಿ, "ಆಸ್ಪತ್ರೆ ಔಷಧಿ ಬಿಟ್ಟು ಬೇರೆ ಏನಾದ್ರೂ ತಗೊಂಡ್ರಾಮ್ಮ? ಮುಚ್ಚಿಡ್ಬೇಡಿ" ಎಂದು ಕೇಳಿದರು. ಅಕ್ಕ ಒಣಗಿದ ತುಟಿ ಅಲ್ಲಾಡಿಸಿದಳು. "ಏನೂ ಇಲ್ಲ ಡಾಕ್ಟ್ರೇ. ಮನೆ ಊಟ ಅಷ್ಟೇ." ಹೇಳುವಾಗ ನನ್ನ ಕಡೆ ನೋಡಲೂ ಇಲ್ಲ, ಯಾರಿಗಾದರೂ ಅನುಮಾನ ಬಂದೀತೆಂದು.

ತಡೆಯಲಾಗಲಿಲ್ಲ. ಅಲ್ಲೇ, ಮಂಚದ ಕಂಬಿ ಹಿಡಿದುಕೊಂಡು, ಎಲ್ಲವನ್ನೂ ಹೇಳಿಬಿಟ್ಟೆ. ತಳಿ, ಕ್ಯಾಪ್ಸೂಲು, ಡ್ರಾಯರಿನ ಮಾತ್ರೆ, ಗುರುವಾರದ ಫೋನು. ಯಾವ ಔಷಧಿಗೆ ಸಾಯುತ್ತದೆ ಎಂಬುದನ್ನೂ ಹೇಳಿದೆ. ಡಾಕ್ಟರು ಒಂದು ಮಾತೂ ಬಯ್ಯಲಿಲ್ಲ. ನರ್ಸಿಗೆ ಔಷಧಿಯ ಹೆಸರು ಕೂಗಿದರು. ಆಮೇಲೆ ನನಗೆ, "ನಿನ್ನೆ ಹೇಳಿದ್ರೆ ಚೆನ್ನಾಗಿತ್ತು" ಎಂದರು.

ಭಾವ ಕಾರಿಡಾರಿನಲ್ಲಿ ಕೈ ಎರಡೂ ಖಾಲಿ ಇಟ್ಟುಕೊಂಡು ನಿಂತಿದ್ದರು.

ಮೇ ೧೪, ಗುರುವಾರ

ಜ್ವರ ಇಳಿಯಿತು. ಒತ್ತಡ ಮೇಲೆ ಬಂತು. ಯಂತ್ರ ತೆಗೆದರು. ಅಕ್ಕ ಉಳಿದುಕೊಂಡಳು!

ಹೊರಗಿನ ಬೆಂಚಿನ ಮೇಲೆ ಕೂತು ಬಿಕ್ಕಿ ಬಿಕ್ಕಿ ಅತ್ತೆ. ಹಾದು ಹೋಗುತ್ತಿದ್ದ ನರ್ಸಮ್ಮ ನಿಂತು ಬೆನ್ನು ಸವರಿದರು. "ಈಗ್ಯಾಕಮ್ಮ ಅಳು? ನಿಮ್ಮಕ್ಕ ಗೆದ್ದು ಬಂದ್ರಲ್ಲ. ಆ ಔಷಧಿ ಒಳಗೊಂದು ಕ್ರಿಮಿ ಬಿಟ್ಟಿಲ್ಲ ನೋಡಿ" ಎಂದರು. ಹೌದು ಎಂದು ತಲೆಯಾಡಿಸಿದೆ. ಒಬ್ಬರನ್ನೂ ಬಿಟ್ಟಿಲ್ಲ. ರಬ್ಬರ್ ತೋಳೊಳಗೆ ಕೈ ತೂರಿಸಿ ಒಂದೊಂದೇ ತುಂಬಿ, ಬಾಳೆಹಣ್ಣಲ್ಲಿ ಮುಚ್ಚಿ ತಿನ್ನಿಸಿ ನೆಲೆಗೊಳಿಸಿದವರು, ಎಲ್ಲರೂ ಹೋದರು. ಇದನ್ನು ಆಕೆಗೆ ಹೇಗೆ ಹೇಳಲಿ? ಇನ್ನೂ ಸ್ವಲ್ಪ ಅತ್ತೆ.

ಮೇ ೨೨, ಶುಕ್ರವಾರ

ಮೇಡಂ ಕರೆಸಿದ್ದರು. ಕೂಗಾಡುತ್ತಾರೆ ಎಂದುಕೊಂಡಿದ್ದೆ. ಕೂಗಾಡಲಿಲ್ಲ. ಗುರುತಿನ ಚೀಟಿ ತೆಗೆದುಕೊಂಡು, "ಇಲಿಗಳಿಗೆ ಕೊಡೋಕೆ ಮುಂಚೆ ನಾವು ಎಷ್ಟು ಜನರ ಒಪ್ಪಿಗೆ ತಗೋತೀವಿ ಅಂತ ನಿಮಗೆ ಗೊತ್ತಲ್ಲ" ಎಂದರಷ್ಟೇ. ನನ್ನ ಎದುರಿಗೇ ಹದಿನೇಳರ ಟ್ಯೂಬುಗಳನ್ನೆಲ್ಲ ಕ್ರಿಮಿ ಕೊಲ್ಲುವ ಆವಿಯ ಯಂತ್ರಕ್ಕೆ ಹಾಕಿಸಿದರು. ವಿಚಾರಣೆ ಮುಗಿಯುವವರೆಗೆ ಕೆಲಸವೂ ಇಲ್ಲ, ಆ ತಳಿಯೂ ಇಲ್ಲ.

ಲ್ಯಾಬಿನದು ಅಷ್ಟೇ. ಮನೆಯ ಜಾಡಿಯ ವಿಷಯ ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಪೊಟ್ಟಣ ಬದಲಾಯಿಸಿ ಹೊಸ ನಾರು ಹಾಕಿದೆ. ಸುಮ್ಮನೆ ಸಾಯಲು ಬಿಡಲು ಮನಸ್ಸಾಗಲಿಲ್ಲ. ನಾಲ್ಕು ದಿನ ಇರಲಿ.

ಜೂನ್ ೪, ಗುರುವಾರ

ಭಾವ ಹೊಸ್ತಿಲು ತುಳಿಯಬೇಡ ಎಂದಿದ್ದಾರೆ. ಅವರು ಕೆಲಸಕ್ಕೆ ಹೋದ ಮೇಲೆ ಅಕ್ಕನೇ ಫೋನ್ ಮಾಡಿ ಕರೆದಳು.

ಗುರುತು ಸಿಗದಷ್ಟು ಇಳಿದಿದ್ದಾಳೆ. ನೈಟಿಗೆ ಎರಡೂ ಕಡೆ ತಾನೇ ಹೊಲಿಗೆ ಹಾಕಿ ಕಿರಿದು ಮಾಡಿಕೊಂಡಿದ್ದಾಳೆ, ಆದರೂ ಭುಜದಿಂದ ಜಾರುತ್ತದೆ. ಕಿಡ್ನಿ ಸುಧಾರಿಸುವ ತನಕ ಕ್ಯಾನ್ಸರ್ ಔಷಧಿ ನಿಲ್ಲಿಸಿದ್ದಾರೆ. ಆಪರೇಷನ್ ಮಾಡಲು ಮೈಯಲ್ಲಿ ಶಕ್ತಿ ಇಲ್ಲ. ಯಾವಾಗ ಶುರುವೆಂದು ಡಾಕ್ಟರೂ ಹೇಳುತ್ತಿಲ್ಲ.

ತಪ್ಪಾಯಿತು ಅಕ್ಕ ಎಂದು ಬಾಯಿ ತೆರೆಯುವಷ್ಟರಲ್ಲಿ, "ಅದೆಲ್ಲ ಆಮೇಲೆ. ಇಲ್ಲಿ ಬಾ" ಎಂದು ನನ್ನ ಕೈ ಹಿಡಿದು ಎಡಗಡೆ ಇಟ್ಟುಕೊಂಡಳು. "ನೋಡು. ಮತ್ತೆ ದೊಡ್ಡದಾಗಿದೆ ಅಲ್ವಾ? ನಿಮ್ಮ ಭಾವ ಇಲ್ಲ ಅಂತಾರೆ. ಸುಳ್ಳು ಹೇಳ್ತಾರೆ. ನೀನು ಹೇಳು."

ದೊಡ್ಡದಾಗಿತ್ತು. ನಿಂಬೆಹಣ್ಣಿನಷ್ಟು, ಕಲ್ಲಿನ ಹಾಗೆ. ಕೈ ಹಿಂದಕ್ಕೆ ತೆಗೆದುಕೊಂಡೆ. ಅಷ್ಟರಿಂದಲೇ ಅವಳಿಗೆ ತಿಳಿಯಿತು.

ಜಾರಿದ ನೈಟಿಯನ್ನು ಭುಜಕ್ಕೆ ಎಳೆದುಕೊಂಡಳು. ಆಮೇಲೆ ಬಾಗಿಲ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿ, "ನೀನು ಅದನ್ನ ಕೊಡ್ತಿದ್ದಾಗ ಕರಗ್ತಿತ್ತು. ಜ್ವರಕ್ಕಿಂತ ಇದರ ಭಯ ಜಾಸ್ತಿ ಕಣೇ ನಂಗೆ. ನಿನ್ ಹುಡುಗ್ರು ಇನ್ನೂ ಇದಾರಾ ಪುಟ್ಟಿ?" ಎಂದಳು.

ಜಾಡಿ ಕಣ್ಣ ಮುಂದೆ ಬಂತು. ಬೆಳಿಗ್ಗೆ ತಾನೇ ನೋಡಿದ್ದೆ, ಚೆನ್ನಾಗಿ ಬೆಳೆದಿದ್ದಾರೆ. ಹಿಂದಿನ ಸಲ ಪ್ರಮಾಣ ಜಾಸ್ತಿಯಾಗಿತ್ತು, ಬಿಳಿ ಕಣ ಇಳಿದ ವಾರದಲ್ಲಿ ನಿಲ್ಲಿಸಬೇಕಿತ್ತು. ತಪ್ಪಿದ್ದು ಅಲ್ಲೇ, ಬೇರೆಲ್ಲೂ ಅಲ್ಲ. ಈಗ ಹೇಗೂ ಔಷಧಿ ನಿಂತಿದೆ, ಕಣಗಳು ಏರುತ್ತಿವೆ. ಅಕ್ಕ ನನ್ನ ಮುಖವನ್ನೇ ನೋಡುತ್ತಿದ್ದಳು.

ಮೊದಲು ಸ್ವಲ್ಪ ಸುಧಾರಿಸಿಕೋ ಅಂದೆ.